ಮನೆಯ ಆರೈಕೆಯನ್ನು ಸಂವಿಧಾನ ಗುರುತಿಸಿದರೆ ಆಗುವುದೇನು?

ಪ್ರಶ್ನೆ (ಶಿರಸಿಯಿಂದ)

ಹಾಸಿಗೆ ಹಿಡಿದ ಅತ್ತೆಯವರನ್ನು ನಾಲ್ಕು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವುದೂ ಇದರೊಟ್ಟಿಗೆ ಸೇರಿಕೊಳ್ಳುತ್ತದೆ. ಆದರೂ ಯಾವುದೇ ಅರ್ಜಿಯಲ್ಲಿ ಉದ್ಯೋಗದ ಕಲಮಿಗೆ ಬಂದಾಗ ‘ಗೃಹಿಣಿ’ ಎಂದಷ್ಟೇ ಬರೆಯುತ್ತೇನೆ. ಮಹಿಳೆಯ ಮನೆಯ ಬದುಕನ್ನು ಕೊಂಡಾಡುವ 1937ರ ವಿಧಿಯನ್ನು ತೆಗೆದು, ಕುಟುಂಬದವರೆಲ್ಲರ ಆರೈಕೆಯನ್ನು ಗುರುತಿಸುವ ತಿದ್ದುಪಡಿಯನ್ನು ಐರ್ಲೆಂಡಿನಲ್ಲಿ 2024ರ ಮಾರ್ಚ್ 8ರಂದು ಜನರ ಮತಕ್ಕೆ ಹಾಕಿದಾಗ, ಶೇ. 73.9ರಷ್ಟು ಮತಗಳು ಅದರ ವಿರುದ್ಧ ಬಿದ್ದವಂತೆ. ಒಳ್ಳೆಯದೆಂದು ತೋರುವ ಮಾತನ್ನು ಅಲ್ಲಿಯವರು ಏಕೆ ತಳ್ಳಿಹಾಕಿದರು? ನಮ್ಮ ಸಂವಿಧಾನದಲ್ಲಿ ಇದಕ್ಕೆ ಎಡೆಯಿದೆಯೇ?

ಉತ್ತರ 1 (ಕಾರವಾರದಿಂದ)

ಅಕ್ಕಾ, ಕಾರಣಗಳು ಹಲವು ಇದ್ದವು, ಆದರೆ ವಕೀಲನಾದ ನನ್ನ ಕಣ್ಣು ಹೋಗುವುದು ಕ್ರಿಯಾಪದದ ಮೇಲೆ. ಹೊಸ ವಿಧಿಯಲ್ಲಿ ಸರ್ಕಾರ ಆರೈಕೆಗೆ ಬೆಂಬಲ ನೀಡಲು ‘ಶ್ರಮಿಸಬೇಕು’ ಎಂದಷ್ಟೇ ಇತ್ತು, ನೀಡಲೇಬೇಕು ಎಂದಿರಲಿಲ್ಲ. ಆರೈಕೆಯ ಹೊರೆಯನ್ನು ಕುಟುಂಬದ ಮೇಲೆಯೇ ಬಿಟ್ಟು ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂದು ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಹಲವರು ವಿರೋಧಿಸಿದರು. ಹಳೆಯ ವಿಧಿ ಇಂದಿಗೂ ಅಲ್ಲೇ ಉಳಿದಿದೆ.

ಸರ್ಕಾರ ಹಿಡಿಯಬೇಕಾದ ದಾರಿಯನ್ನು ಹೇಳುವ ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳ ಕಲ್ಪನೆ ಬಂದದ್ದೇ ಐರ್ಲೆಂಡಿನ ಸಂವಿಧಾನದಿಂದ. ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಹೇಳುವ 39(ಡಿ), ಹೆರಿಗೆ ಸೌಲಭ್ಯವನ್ನು ಹೇಳುವ 42ನೇ ವಿಧಿಗಳು ನಮ್ಮ ಈ ತತ್ವಗಳಲ್ಲಿವೆ, ಆದರೆ ವೇತನವೇ ಇಲ್ಲದ ಕೆಲಸದ ಮಾತು ಅಲ್ಲಿಲ್ಲ. ಹೊಸದಾಗಿ ಸೇರಿಸಿದರೂ, ಈ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿಲ್ಲ ಎಂಬ 37ನೇ ವಿಧಿ ಅಡ್ಡ ನಿಲ್ಲುತ್ತದೆ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಮಾತ್ರ ಗೃಹಿಣಿಯ ದುಡಿಮೆಗೆ ಕಾಲ್ಪನಿಕ ಆದಾಯ, ಅಂದರೆ ಪರಿಹಾರ ಲೆಕ್ಕ ಹಾಕಲು ಅಂದಾಜಿಸಿದ ಗಳಿಕೆ, ಕಟ್ಟುತ್ತಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಎತ್ತಿಹಿಡಿಯಿತು. ಸತ್ತ ಮೇಲೆ ಸಿಗುವ ಬೆಲೆ ಅದು, ಕ್ಷಮಿಸಿ.

ಉತ್ತರ 2 (ಕುಮಟಾದಿಂದ)

ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಸಂವಿಧಾನದ ಮಾತು ಪೂರ್ತಿ ನಿರರ್ಥಕವೇನಲ್ಲ. ವೆನೆಜುವೆಲಾದ 1999ರ ಸಂವಿಧಾನ ಮನೆಗೆಲಸವನ್ನು ಸಂಪತ್ತು ಹುಟ್ಟಿಸುವ ಆರ್ಥಿಕ ಚಟುವಟಿಕೆ ಎಂದು ಕರೆದು, ಗೃಹಿಣಿಯರಿಗೆ ಸಾಮಾಜಿಕ ಭದ್ರತೆಯ ಹಕ್ಕನ್ನೂ ಹೇಳುತ್ತದೆ. ನಮ್ಮಲ್ಲಿ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕಳೆದರೆ ಗಂಡಸರು 88 ನಿಮಿಷ ಕಳೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗುವವಳ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವವಳೂ ಹೆಂಗಸೇ, ಹೆಚ್ಚಾಗಿ ಅಜ್ಜಿ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಗೆ ಬರುವುದು ನಿಜ. ಆದರೆ ಅದು ಮನೆಯ ಯಜಮಾನಿಗೆ ಸಲ್ಲುವ ಹಣವೇ ಹೊರತು ಆರೈಕೆಗೆ ಕಟ್ಟಿದ ಕೂಲಿಯಲ್ಲ.

ಪ್ರಶ್ನೆ ಕೇಳಿದವರಿಂದ

ನಿಮ್ಮಿಬ್ಬರ ಉತ್ತರಗಳನ್ನು ಓದಿ ಮುಗಿಸುವಷ್ಟರಲ್ಲಿ ಎರಡು ಸಲ ಎದ್ದು ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಯಜಮಾನಿ ಅತ್ತೆಯವರೇ, ಹಾಗಾಗಿ ಆ ಹಣ ಅವರ ಖಾತೆಗೆ ಹೋಗುತ್ತದೆ, ಅದಕ್ಕೆ ಬೇಸರವಿಲ್ಲ. ನನಗೆ ಬೇಕಾದದ್ದು ತಿಂಗಳಿಗೆ ಎರಡು ದಿನ ನನ್ನ ಬದಲಿಗೆ ನಿಲ್ಲುವ, ತರಬೇತಿ ಪಡೆದ ಒಬ್ಬರು. ವಕೀಲರೇ, ‘ಶ್ರಮಿಸಬೇಕು’ ಎನ್ನುವ ಬದಲು ಯಾವ ಪದ ಬರೆದರೆ ಅಂಥವರನ್ನು ಪಂಚಾಯಿತಿಯಲ್ಲಿ ಹಕ್ಕಿನಿಂದ ಕೇಳಬಹುದು?