ಬಾಣೆಯಲ್ಲಿ ಅನಾನಸ್: ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಚರ್ಚೆ

ದರ್ಶನ್: ದಯವಿಟ್ಟು ಎಲ್ಲರೂ ನಾನು ಹಾಕಿರುವ ಈ ಅನಾನಸ್ ವಿಡಿಯೋವನ್ನು ಪೂರ್ತಿ ನೋಡಿ. ಕೊಡಗಿನ ಸಿದ್ದಾಪುರದ ನಮ್ಮ ಬಾಣೆ, ಅಂದರೆ ಗದ್ದೆಯ ಮೇಲಿನ ಇಳಿಜಾರು ಜಮೀನು, ಪಾಳು ಬಿದ್ದಿದೆ. ಅಲ್ಲಿ ಅನಾನಸ್ ಬೆಳೆದು, ಜೊತೆಗೇ ಜಾಮ್ ಮತ್ತು ಒಣಹಣ್ಣಿನ ಘಟಕ ಹಾಕಿದರೆ ಕಾಫಿಯೊಂದನ್ನೇ ನೆಚ್ಚಿಕೊಂಡು ಕೂರುವುದು ತಪ್ಪುತ್ತದೆ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವೂ ಇದೆ.

ಲೀಲಾ ಅತ್ತೆ: ಬೆಳೆಯ ಬಗ್ಗೆ ನನ್ನ ತಕರಾರಿಲ್ಲ ದರ್ಶನ್, ಘಟಕದ ಬಗ್ಗೆ ಇದೆ. ವಿಡಿಯೋದಲ್ಲಿರುವುದು ಮಾರಿಷಸ್ ತಳಿ; ಕೇರಳದ ಎರ್ನಾಕುಲಂ ಜಿಲ್ಲೆಯ ವಾಳಕ್ಕುಳಂ ಪೇಟೆಯಿಂದ ದೂರದ ಊರುಗಳಿಗೂ ಹೋಗುವ, ಹೆಚ್ಚಾಗಿ ಹಾಗೆಯೇ ಹೆಚ್ಚಿ ತಿನ್ನುವ ಹಣ್ಣು ಅದು. ಡಬ್ಬಿಗೆ ತುಂಬುವವರು ಕೇಳುವುದು ದಪ್ಪನೆಯ ಕ್ಯೂ ತಳಿಯನ್ನು. ಇನ್ನು ಒಣಹಣ್ಣಿನ ಲೆಕ್ಕ ನೋಡು: ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದರೆ ಹತ್ತಿರಹತ್ತಿರ ಅರ್ಧ ತೂಕ ಹೋಗುತ್ತದೆ, ಉಳಿದ ತಿರುಳಿನಲ್ಲಿ ನೂರಕ್ಕೆ 85 ಪಾಲು ನೀರೇ ಇರುವುದರಿಂದ ಒಂದು ಕ್ವಿಂಟಾಲ್ ಹಣ್ಣಿಗೆ ಕೈಗೆ ಬರುವುದು ಎಂಟೊಂಬತ್ತು ಕೆಜಿ. ಸೌದೆ, ಕರೆಂಟು, ಕೂಲಿ ಎಲ್ಲವೂ ಅದರಲ್ಲೇ ಹುಟ್ಟಬೇಕು.

ಗಣೇಶ ಚಿಕ್ಕಪ್ಪ: ಲೀಲಕ್ಕ, ಘಟಕವಿಲ್ಲದಿದ್ದರೆ ಮಳೆಗಾಲದಲ್ಲಿ ದಲ್ಲಾಳಿ ಹೇಳಿದ್ದೇ ಬೆಲೆಯಾಗುತ್ತದೆ. ಅನಾನಸನ್ನು ಬಾಳೆಯಂತೆ ಕಾಯಿಯಾಗಿ ಕೊಯ್ದು ಇಟ್ಟರೆ ಸಿಹಿ ಏರುವುದಿಲ್ಲ, ಗಿಡದಲ್ಲೇ ಬಲಿತದ್ದನ್ನು ಕೊಯ್ದರೆ ಬಹಳ ದಿನ ನಿಲ್ಲುವುದೂ ಇಲ್ಲ.

ಲೀಲಾ ಅತ್ತೆ: ಅದು ನಿಜ ಗಣೇಶ. ಆದರೆ ಅದಕ್ಕೆ ಮೊದಲ ಮದ್ದು ತೋಟದಲ್ಲೇ ಇದೆ. ಗಿಡಕ್ಕೆ ಸುಮಾರು 40 ಎಲೆ ಬಂದಾಗ ಸುಳಿಗೆ ಎಥ್ರೆಲ್ ಎಂಬ ಹೂ ಬರಿಸುವ ಔಷಧದ ದ್ರಾವಣ ಹುಯ್ದರೆ ಅಷ್ಟೂ ಗಿಡ ಒಟ್ಟಿಗೆ ಹೂ ಬಿಡುತ್ತದೆ, ಹೂ ಬಿಟ್ಟು ಹೆಚ್ಚುಕಡಿಮೆ ಐದು ತಿಂಗಳಿಗೆ ಹಣ್ಣಾಗುತ್ತದೆ. ಕಂದುಗಳನ್ನು, ಅಂದರೆ ನೆಡುವ ಮರಿಗಳನ್ನು, ಒಂದೇ ಸಲ ನೆಡದೆ, ತಿಂಗಳುಗಳ ಅಂತರದಲ್ಲಿ ಪಟ್ಟಿ ಪಟ್ಟಿಯಾಗಿ ನೆಟ್ಟರೆ ಜುಲೈ ಮಳೆಯಲ್ಲಿ ರಾಶಿ ಬೀಳುವುದನ್ನು ತಪ್ಪಿಸಿ ಬೇಸಿಗೆಗೆ ಹೆಚ್ಚು ಹಣ್ಣು ಬರುವಂತೆ ಮಾಡಬಹುದು. ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಬಾಣೆಯ ಇಳಿಜಾರೇ ಸರಿ. ಕೆಳಗಿನ ಗದ್ದೆಯ ಮಾತು ಬೇಡ.

ದರ್ಶನ್: ಹಾಗಾದರೆ ಪೆಟ್ಟು ಬಿದ್ದ, ಸಣ್ಣ ಗಾತ್ರದ ಹಣ್ಣನ್ನು ಏನು ಮಾಡುವುದು ಅತ್ತೆ?

ಲೀಲಾ ಅತ್ತೆ: ಅದಕ್ಕೆ ಅಡುಗೆಮನೆ ಮಟ್ಟದ ಜಾಮ್ ಸಾಕು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ ಮಾಡಿಸಿ, ಕುಶಾಲನಗರ ಮತ್ತು ಮಡಿಕೇರಿಯ ಅಂಗಡಿಗಳಲ್ಲಿ ಮೊದಲು ಮಾರಿ ನೋಡೋಣ. ಆಮೇಲೆ ಯಂತ್ರ, ಆಮೇಲೆ ಸಾಲ.

ಗಣೇಶ ಚಿಕ್ಕಪ್ಪ: ಆನೆಯನ್ನು ಇಬ್ಬರೂ ಮರೆತಿದ್ದೀರಿ. ಹಲಸಿಗೆ ಬರುವ ಆನೆ ಅನಾನಸಿನ ವಾಸನೆಗೆ ಬಾರದೇ ಇರುತ್ತದೆಯೇ? ಸೋಲಾರ್ ಬೇಲಿಯ ಖರ್ಚನ್ನು ಲೆಕ್ಕಕ್ಕೆ ಸೇರಿಸದೆ ಒಂದು ಕಂದನ್ನೂ ತರಿಸಬೇಡಿ.

ದರ್ಶನ್: ಬೇಲಿಯ ದರ ವಿಚಾರಿಸಿ ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ ಚಿಕ್ಕಪ್ಪ.