‘ಅನಿಯಂತ್ರಿತ’ ಎಂದರೆ ಹತೋಟಿ ತಪ್ಪಿದ್ದೇ? ರೆಕ್ಟಿಫೈಯರ್ ಪಾಠಕ್ಕೆ ಬೇಕಾದ ಒಂದು ಪದ

ಬಳಗದ ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಪವರ್ ಎಲೆಕ್ಟ್ರಾನಿಕ್ಸ್ ಪ್ರಯೋಗಗಳ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪ್ರಯೋಗ, ಎರಡೂ ದಿಕ್ಕಿಗೆ ಹರಿಯುವ ಎಸಿ ವಿದ್ಯುತ್ತಿನ ಅಲೆಯ ಒಂದು ಅರ್ಧವನ್ನು ಮಾತ್ರ ದಾಟಿಸಿ ಒಂದೇ ದಿಕ್ಕಿನ ಡಿಸಿ ಮಾಡುವ ಅರ್ಧ ತರಂಗ ರೆಕ್ಟಿಫೈಯರ್‌ನದು. ಒಮ್ಮೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಇನ್ನೊಮ್ಮೆ ನಾವು ಸೂಚನೆ ಕೊಟ್ಟ ಮೇಲೆಯೇ ಹಾಗೆ ಬಿಡುವ ಥೈರಿಸ್ಟರ್ ಇಟ್ಟು ಕಂಪ್ಯೂಟರಿನಲ್ಲಿ ಮಂಡಲವನ್ನು (ಸರ್ಕ್ಯೂಟನ್ನು) ಓಡಿಸಿ ನೋಡಬೇಕು. ಡಯೋಡಿನದನ್ನು ‘ಅನಿಯಂತ್ರಿತ’ (ಇಂಗ್ಲಿಷಿನ uncontrolled), ಥೈರಿಸ್ಟರಿನದನ್ನು ‘ನಿಯಂತ್ರಿತ’ (controlled) ಎಂದು ಕರಡಿನಲ್ಲಿ ಬರೆದಿದ್ದೆ. ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, “ಸರ್, ಈ ಮಂಡಲದಲ್ಲಿ ಏನು ಕೆಟ್ಟಿದೆ?” ಎಂದು ಕೇಳಿದಳು.

ಅವಳು ಓದಿದ್ದು ಸರಿಯಾಗಿಯೇ ಇದೆ. ‘ಚಾಲಕನ ನಿಯಂತ್ರಣ ತಪ್ಪಿ ಬಸ್ ಪಲ್ಟಿ’, ‘ಅನಿಯಂತ್ರಿತ ಮಧುಮೇಹ’ ಎಂಬಂಥ ಬಳಕೆಗಳಿಂದಾಗಿ ಆ ಪದ ಕಿವಿಗೆ ಬಿದ್ದ ಕೂಡಲೇ ಹಿಡಿತದಲ್ಲಿ ಇರಬೇಕಾದದ್ದು ಕೈ ಜಾರಿದೆ ಎಂಬ ಆತಂಕ ಮೂಡುತ್ತದೆ. ಡಯೋಡಿನಲ್ಲಿ ಏನೂ ಕೈ ಜಾರಿಲ್ಲ. ಬಾವಿಯ ಪಂಪಿಗೆ ಕಟ್ಟುವ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದನ್ನು ಯಾರೂ ಅನಿಯಂತ್ರಿತ ಎನ್ನುವುದಿಲ್ಲ. ಡಯೋಡಿನ ಕೆಲಸವೂ ಅಷ್ಟೇ. 230 ವೋಲ್ಟ್, 50 ಹರ್ಟ್ಸ್‌ನ ಮನೆಯ ವಿದ್ಯುತ್ತನ್ನು ಕೊಟ್ಟರೆ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಮೇಲಿನ ಅರ್ಧ ಮಾತ್ರ ದಾಟಿಬಂದು ಸರಾಸರಿ 103.5 ವೋಲ್ಟ್ ಸಿಗುತ್ತದೆ. ಎಷ್ಟು ಬಾರಿ ಓಡಿಸಿದರೂ ಉತ್ತರ ಅದೇ. ಇಷ್ಟು ಶಿಸ್ತಿನ ಮಂಡಲಕ್ಕೆ ಹತೋಟಿ ತಪ್ಪಿದ್ದರ ಹೆಸರಿಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

‘ನಿಯಂತ್ರಿತ’ ಎಂಬುದರಲ್ಲಿ ತೊಡಕು ಬೇರೆ ಬಗೆಯದು. ‘ಗೇಟ್’ ಎಂಬ ಅದರ ಮೂರನೆಯ ತುದಿಗೆ ವಿದ್ಯುತ್ತಿನ ಸಣ್ಣ ಮಿಡಿತ ಕೊಟ್ಟ ಮೇಲೆಯೇ ಥೈರಿಸ್ಟರ್ ವಿದ್ಯುತ್ತನ್ನು ಬಿಡುತ್ತದೆ. ಮಿಡಿತವನ್ನು 60 ಡಿಗ್ರಿ, ಅಂದರೆ 3.33 ಮಿಲಿಸೆಕೆಂಡು ತಡಮಾಡಿದರೆ ಸರಾಸರಿ 77.7 ವೋಲ್ಟಿಗೆ ಇಳಿಯುತ್ತದೆ. 90 ಡಿಗ್ರಿಗೆ, ಅಂದರೆ 5 ಮಿಲಿಸೆಕೆಂಡಿಗೆ, 51.8ಕ್ಕೆ. ಆದರೆ ಒಮ್ಮೆ ತೆರೆದ ಮೇಲೆ ಗೇಟಿನ ಮಾತು ನಡೆಯುವುದಿಲ್ಲ. ಹರಿವು ತೀರ ಸಣ್ಣದಾದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ. ಕೆರೆಯ ತೂಬನ್ನು ತೆರೆಯುವುದು ಮಾತ್ರ ನಮ್ಮ ಕೈಯಲ್ಲಿದ್ದು, ನೀರು ಬತ್ತುವವರೆಗೆ ಅದನ್ನು ಮುಚ್ಚಲಾಗದಿದ್ದರೆ ಹೇಗೋ ಹಾಗೆ. ಮಂಡಲಕ್ಕೆ ಇಂಡಕ್ಟರ್ (ಹರಿವಿನ ಬದಲಾವಣೆಯನ್ನು ತಡೆಯುವ ತಂತಿಯ ಸುರುಳಿ) ಸೇರಿಸಿದರೆ ಇದು ಪರದೆಯ ಮೇಲೆಯೇ ಕಾಣುತ್ತದೆ: ಮೇಲಿನ ಅರ್ಧದ 10 ಮಿಲಿಸೆಕೆಂಡು ಮುಗಿದು ಅಲೆ ಸೊನ್ನೆಯ ಕೆಳಗಿಳಿದರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಆದ್ದರಿಂದ ನಿಯಂತ್ರಣವಿರುವುದು ಆರಂಭಕ್ಕೆ ಮಾತ್ರ, ಅಂತ್ಯಕ್ಕಿಲ್ಲ.

ಡಯೋಡಿನದಕ್ಕೆ ‘ನಿಯಂತ್ರಣರಹಿತ’ ಎನ್ನಬಹುದೇ ಎಂದು ಯೋಚಿಸಿದೆ. ‘ಚಾಲಕರಹಿತ ರೈಲು’ ಎಂದಾಗ ಚಾಲಕ ಓಡಿಹೋದ ರೈಲೆಂದು ಯಾರೂ ತಿಳಿಯುವುದಿಲ್ಲ. ಅದರ ರಚನೆಯೇ ಹಾಗೆ ಎಂದು ತಿಳಿಯುತ್ತಾರೆ. ‘ರಹಿತ’ಕ್ಕೆ ಆ ಗುಣವಿದೆ ಎಂದು ನನ್ನ ಅನಿಸಿಕೆ. ‘ಅಲಿಖಿತ ನಿಯಮ’ದಲ್ಲಿ ‘ಅ’ಕಾರವೂ ದೋಷವನ್ನು ಸೂಚಿಸುವುದಿಲ್ಲ, ನಿಜ. ಆದರೂ ‘ಅನಿಯಂತ್ರಿತ’ಕ್ಕೆ ಅಂಟಿಕೊಂಡ ಆತಂಕವನ್ನು ಒಂದು ಕೈಪಿಡಿ ತೊಳೆದುಹಾಕಲಾರದು. ಥೈರಿಸ್ಟರಿನದಕ್ಕೆ ‘ಆರಂಭನಿಯಂತ್ರಿತ’ ಎಂದು ಬರೆದು ನೋಡಿದೆ. ಅರ್ಥ ಸರಿಯಾಗಿದೆ, ಬಾಯಿಗೆ ಭಾರ.

ಉಳಿದ ಪದಗಳ ಬಗ್ಗೆ ನನಗೆ ಹೆಚ್ಚು ಗೊಂದಲವಿಲ್ಲ. ಗೇಟಿನ ಮಿಡಿತವನ್ನು ತಡಮಾಡುವ ಕೋನವನ್ನು (ಇಂಗ್ಲಿಷಿನ firing angle) ‘ದಹನ ಕೋನ’ ಎನ್ನಲು ಮನಸ್ಸು ಒಪ್ಪಲಿಲ್ಲ, ಅಲ್ಲಿ ಏನೂ ಸುಡುವುದಿಲ್ಲ. ‘ವಿಳಂಬ ಕೋನ’ ಸಾಕು. ರೆಕ್ಟಿಫೈಯರನ್ನು ‘ಪರಿವರ್ತಕ’ ಎನ್ನುವಂತಿಲ್ಲ, ಪತ್ರಿಕೆಗಳು ಅದನ್ನು ಆಗಲೇ ಟ್ರಾನ್ಸ್‌ಫಾರ್ಮರಿಗೆ ಕೊಟ್ಟಿವೆ. ಸಿಮ್ಯುಲೇಷನ್‌ಗೆ ‘ಅಣಕು ಪ್ರಯೋಗ’ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಅಗ್ನಿಶಾಮಕ ದಳದ ಅಣಕು ಕಾರ್ಯಾಚರಣೆಯಲ್ಲಿ ಬೆಂಕಿ ಇಲ್ಲದಿದ್ದರೂ ಇದ್ದಂತೆ ನಟಿಸುತ್ತಾರೆ. ಇಲ್ಲಿ ನಟನೆ ಇಲ್ಲ. ಪ್ರತಿ ಕ್ಷಣದ ವೋಲ್ಟೇಜನ್ನೂ ಸಮೀಕರಣಗಳಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಸಿಮ್ಯುಲೇಷನ್ ಎಂದೇ ಉಳಿಸಿಕೊಂಡಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ‘ನಿಯಂತ್ರಣರಹಿತ’ ನಿಮ್ಮ ಕಿವಿಗೂ ಆತಂಕವಿಲ್ಲದೆ ಕೇಳಿಸುತ್ತದೆಯೇ? ತೆರೆಯುವುದು ನಮ್ಮ ಕೈಯಲ್ಲಿದ್ದು ಮುಚ್ಚುವುದು ನಮ್ಮ ಕೈಯಲ್ಲಿಲ್ಲದ ಸಾಧನಕ್ಕೆ, ನೀರಾವರಿಯವರಲ್ಲೋ ನೇಕಾರರಲ್ಲೋ ಕಮ್ಮಾರರಲ್ಲೋ, ಬಳಕೆಯಲ್ಲಿರುವ ಮಾತೊಂದು ನಿಮ್ಮ ಊರ ಕಡೆ ಇದೆಯೇ? ಇದ್ದರೆ ಅದನ್ನು ಆಡುವ ಸಂದರ್ಭವನ್ನೂ ಸೇರಿಸಿ ಬರೆಯಿರಿ.