ಅಜ್ಜನ ಬಿ-275 ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗವಲ್ದು: ಇಂಜಿನ್ ಬಿಚ್ಚಿಸ್ಬೇಕೋ, ಬ್ಯಾಡೋ?

ಕಾರಟಗಿ ರೈತ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಕಾರಟಗಿ ಹತ್ರ, ಎಡದಂಡಿ ಕಾಲುವಿ ನೀರಿನ ಭತ್ತದ ಗದ್ದಿ. ಮನ್ಯಾಗ ಅಜ್ಜ ತಗೊಂಡಿದ್ದ ಮಹೀಂದ್ರಾ ಬಿ-275 ಐತಿ. ಡಿಐ (ಡೀಸೆಲ್ ನೇರ ಪಿಸ್ಟನ್ ಮ್ಯಾಲ ಬೀಳೋ ಮಾಡೆಲ್) ಅಲ್ಲ, ಅದಕ್ಕಿಂತ ಮೊದಲಿಂದು. ಬಾನೆಟ್ ಮ್ಯಾಲಿನ 'ಇಂಟರ್‌ನ್ಯಾಷನಲ್' ಅನ್ನೋ ಅಕ್ಷರ ಇನ್ನೂ ಅರ್ಧಮರ್ಧ ಕಾಣ್ತಾವ. ಅಜ್ಜನ ಕೈಯಿಂದ ಅಪ್ಪಗ ಬಂತು, ಈಗ ನನಗ. ಕೆಸರು ಹೊಡಿಯಾಕ ದೊಡ್ಡ ಗಾಡಿ ಬಾಡಿಗಿಗೆ ತರ್ತೀವಿ. ಟ್ರೇಲರ್, ಕುಂಟಿ, ಹುಲ್ಲು ಸಾಗಿಸೋದು ಎಲ್ಲಾ ಇದ್ರದ್ದ.

ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡದ್ರೂ ಹತ್ತಂಗಿಲ್ಲ, ಬೆಳ್ಳನ ಹೊಗಿ ಬರ್ತೈತಿ. ಒಮ್ಮೆ ಹತ್ತಿತು ಅಂದ್ರ ದಿನಪೂರ್ತಿ ತಂಟಿ ಇಲ್ಲ, ಬಂದ್ ಮಾಡಿ ಮತ್ತ ಮುಟ್ಟಿದ ಕೂಡ್ಲೇ ಸ್ಟಾರ್ಟು. ಕಾಕಾ ಏರ್ ಕ್ಲೀನರಿಗೆ ಈಥರ್ ಸ್ಪ್ರೇ ಹೊಡದು ಎಬ್ಬಸ್ತಾನ. ಡ್ಯಾಶ್‌ಬೋರ್ಡಿನ ಸಣ್ಣ ಜಾಲರಿ ಹಿಂದ ಒಂದು ಸುರುಳಿ ತಂತಿ ಐತಲ್ಲ, ಅದು ಕೆಂಪಗಾಗೂ ತನ ಅಜ್ಜ ಸೆಲ್ಫ್ ಮುಟ್ಟಾಕ ಬಿಡ್ತಿದ್ದಿಲ್ಲ. ಈಗದು ಕೆಂಪಾಗೋದ ಇಲ್ಲ.

ಇಲ್ಲಿನ ಒಬ್ಬ ಮೇಸ್ತ್ರಿ ಪೂರಾ ಇಂಜಿನ್ ಬಿಚ್ಚಿ ಬೋರ್ (ಸವೆದ ಸಿಲಿಂಡರ್ ಕೊರೆಸೋದು) ಮಾಡಿಸ್ಬೇಕು ಅಂತಾನ. ಕಾಕಾ ಗುಜರಿಗೆ ಹಾಕು ಅಂತಾನ. ಅಪ್ಪ ಎರಡೂ ಮಾತಿಗೆ ಎದ್ದು ಹೊರಗ ಹೋಗ್ತಾನ. ತಿಳಿದೋರು ಹೇಳ್ರಿ.

ಸಿಂಧನೂರು ಮೇಸ್ತ್ರಿ:
ತಮ್ಮಾ, ಬೋರಿನ ಮಾತು ಆಮ್ಯಾಲ. ಆ ಸುರುಳಿ ಕೆಂಪಾಗವಲ್ದು ಅಂದ್ರ ಹೀಟರ್ ಲೈನಿನಾಗ ಕರೆಂಟ್ ಹರಿಯವಲ್ದು. ಈ ಇಂಜಿನ್ನಿನಾಗ ಡೀಸೆಲ್ ನೇರ ಪಿಸ್ಟನ್ ಮ್ಯಾಲ ಬೀಳೂದಿಲ್ಲ, ಮೊದಲು ಸಣ್ಣ ಚೇಂಬರಿಗೆ ಹೋಗ್ತದ. ಚೇಂಬರ್ ತಣ್ಣಗಿದ್ರ ಕಂಪ್ರೆಷನ್ನಿನ ಕಾವೆಲ್ಲಾ ಅದರ ಗೋಡಿನೇ ಕುಡಿತದ, ಡೀಸೆಲ್ ಹತ್ತೂದಿಲ್ಲ, ಬೆಳ್ಳನ ಹೊಗಿಯಾಗಿ ಸೈಲೆನ್ಸರಿನಿಂದ ಹೊರಗ ಬರ್ತದ. ಅದಕ್ಕ ಹೀಟರ್ ಪ್ಲಗ್ ಬೇಕೇ ಬೇಕು.

ಹಳೇ ಮಾಡೆಲಿನಾಗ ನಾಲ್ಕೂ ಪ್ಲಗ್ ಸೀರೀಸ್ ವೈರಿಂಗು. ಒಂದು ಸುಟ್ರ ನಾಲ್ಕೂ ಬಂದ್. ಬ್ಯಾಟರಿ ವೈರ್ ಬಿಚ್ಚಿ, ಒಂದೊಂದೇ ಪ್ಲಗ್ಗಿನ ಎರಡೂ ತುದಿಗೆ ಮೀಟರ್ ಹಿಡಿ. ಕಂಟಿನ್ಯುಟಿ (ಕರೆಂಟ್ ಹರಿಯೋ ದಾರಿ) ಬರದಿದ್ದದ್ದು ಸತ್ತದ್ದು. ಪ್ಲಗ್ ನಡುವಿನ ಪಟ್ಟಿ, ಬ್ಯಾಟರಿ ಅರ್ಥಿಂಗ್ ವೈರ್ ಉಜ್ಜಿ ಬಿಗಿ ಮಾಡು. ಅಂಗಡ್ಯಾಗ ಒಂದೇ ತುದಿಯ 12 ವೋಲ್ಟ್ ಪ್ಲಗ್ ಕೊಟ್ರ ತರಬ್ಯಾಡ. ಸೀರೀಸಿಗೆ ಎರಡು ತುದಿಯದು ಬೇಕು, ಅದು 2 ವೋಲ್ಟಿಗಿಂತ ಕಡಿಮಿದು.

ಕಾಕಾಗ ಸ್ಪ್ರೇ ಬಿಡು ಅಂತ ಹೇಳು. ಹೀಟರ್ ರಿಪೇರಿ ಆದ ಮ್ಯಾಲಂತೂ ಮುಟ್ಟಲೇಬಾರ್ದು. ಕಾದ ಪ್ಲಗ್ಗಿಗೆ ಈಥರ್ ತಾಗಿದ್ರ ಹೊತ್ತಲ್ಲದ ಹೊತ್ತಿಗೆ ಢಂ ಅಂತದ, ಪಿಸ್ಟನ್ ಒಡಿತದ.

ಬೋರಿನ ಅನುಮಾನ ಉಳಿದ್ರ, ಇಂಜಿನ್ ಕಾದಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡು. ಹೊಗಿ ಬುಸುಬುಸು ಒತ್ತಿ ಬಂದ್ರ ಆಗ ಪಿಸ್ಟನ್ ರಿಂಗು, ಬೋರು ಸವೆದಾವೇನು ಅಂತ ಮಾತಾಡೋಣು.

ಸಿರುಗುಪ್ಪದಿಂದ:
ಮೇಸ್ತ್ರಿ ಹೇಳಿದ್ದು ಸರಿ ಐತೆ, ಆದ್ರೆ ತಮ್ಮ, ಲೆಕ್ಕನೂ ನೋಡು. ಈ ಗಾಡಿಗೆ ಪವರ್ ಸ್ಟೇರಿಂಗ್ ಇಲ್ಲ, ಲೋಡ್ ಟ್ರೇಲರ್ ತಿರುವೋವಾಗ ರಟ್ಟೆ ಬಿದ್ದು ಹೋಗ್ತಾವೆ. ನಮ್ಮನೇಲೂ ಒಂದಿತ್ತು, ಮಾರಿಬಿಟ್ವಿ. ನಾನಂತೂ ಅದಕ್ಕೆ ಅತ್ತಿಲ್ಲ.

ಆರ್‌ಸಿ ವಿಚಾರ:
ಇಟ್ಕೊಂಡ್ರೂ ಮಾರಿದ್ರೂ ಮೊದಲು ಕಾಗದ ನೋಡ್ರಿ. ಆರ್‌ಸಿ ಇನ್ನೂ ಅಜ್ಜನ ಹೆಸರಿನಾಗ ಐತೇನು? ಕೊಪ್ಪಳ ಜಿಲ್ಲಾ ಆಗಿದ್ದು 1997ರಾಗ. ಅದಕ್ಕಿಂತ ಮೊದಲು ನಿಮ್ಮ ಭಾಗ ರಾಯಚೂರು ಜಿಲ್ಲಾದಾಗ ಇತ್ತು, ಹಂಗಾಗಿ ಹಳೇ ಫೈಲ್ ರಾಯಚೂರಿನಾಗ ಇರೋ ಸಂಭವ ಜಾಸ್ತಿ. ಕಂಪ್ಯೂಟರಿನಾಗ ನಂಬರ್ ಸಿಗದಿದ್ರ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಕಂಪ್ಯೂಟರಿಗೆ ಏರಿಸೋದು) ಮಾಡಿಸ್ಬೇಕಾಕ್ಕೈತಿ. ಮಾಲೀಕ ತೀರ್ಕೊಂಡಿದ್ರ ಹೆಸರು ಬದಲಿಗೆ ಫಾರ್ಮ್ 31, ಜೋಡಿ ಮರಣ ಪ್ರಮಾಣಪತ್ರ, ವಂಶವೃಕ್ಷ. 15 ವರ್ಷ ದಾಟಿದ್ದಕ್ಕ ರಿನ್ಯೂವಲ್ಲಿಗೆ ಫಾರ್ಮ್ 25. ನಿಮ್ಮ ಕಾಕಾನೂ ವಾರಸುದಾರ, ಅವರ ಒಪ್ಪಿಗಿ ಈಗಲೇ ಬರೆಸಿಕೊಳ್ರಿ. ಗಾಡಿ ಚಲೋ ಆದ ಮ್ಯಾಲ ಕೇಳಿದ್ರ ಗುಜರಿ ಅಂದವ್ರೂ ಪಾಲು ಕೇಳ್ತಾರ!

ಕಾರಟಗಿ ರೈತ:
ಮೇಸ್ತ್ರಿ ಅಣ್ಣಾರ, ಮೀಟರ್ ಹಿಡದ್ವಿ. ರೇಡಿಯೇಟರ್ ಕಡಿಯಿಂದ ಮೂರನೇ ಪ್ಲಗ್ ಸತ್ತೈತಿ, ಉಳಿದ ಮೂರು ಜೀವಂತ. ಮುಚ್ಚಳ ತೆಗೆದು ನೋಡಿದ್ವಿ, ಹೊಗಿ ಒತ್ತಿ ಬರವಲ್ದು. ಇಲ್ಲಿ ಅಂಗಡ್ಯಾಗ ನೀವು ಬ್ಯಾಡ ಅಂದ ಒಂದು ತುದಿಯದ ಕೊಟ್ರು, 'ಎಲ್ಲಾ ಒಂದ, ಹಾಕ್ರಿ' ಅಂದ್ರು. ವಾಪಸ್ ಕೊಟ್ಟು ಬಂದೀನಿ. ಸಿರುಗುಪ್ಪ ಅಣ್ಣಾರ, ಸ್ಟೇರಿಂಗಿನ ಮಾತು ಖರೆ, ಆದ್ರ ಈ ಪ್ಲಗ್ಗಿನ ರೊಕ್ಕಕ್ಕ ಹೊಸಾ ಗಾಡಿಯ ಒಂದು ತಿಂಗಳ ಕಂತೂ ಬರಂಗಿಲ್ಲ.

ಆರ್‌ಸಿ ಅಜ್ಜನ ಹೆಸರಿನಾಗ ಐತಿ, ರಾಯಚೂರಿಂದ. ಕಾಕಾಗ ಇವತ್ತ ಕೇಳ್ತೀನಿ, ಪ್ಲಗ್ ಬರೂದ್ರಾಗ. ಸಿಂಧನೂರಾಗ ಎರಡು ತುದಿಯದು ಸಿಗ್ತೈತೇನ್ರಿ? ನಾಲ್ಕೂ ಬದಲಿ ಮಾಡ್ಲೋ, ಒಂದ ಸಾಕೋ?

ಸಿಂಧನೂರು ಮೇಸ್ತ್ರಿ:
ನಾಲ್ಕೂ ತಗೋ. ಉಳಿದ ಮೂರೂ ಅಷ್ಟೇ ವಯಸ್ಸಿನವು. ಸತ್ತ ಪ್ಲಗ್ ಬಿಚ್ಚಿಕೊಂಡು ಬಾ, ಚೂಡಿ ಅಳತಿ ಹೊಂದಿಸಿ ನೋಡೋಣು.